ಅಧಸ್ತಲಮೀಮಾಂಸೆ

2021ರ ಡ್ರೋನ್ ನಿಯಮಗಳು ಖಗಯಂತ್ರಗಳನ್ನು ತೂಕಾನುಸಾರ ನ್ಯಾನೊ, ಮೈಕ್ರೊ, ಸಣ್ಣ, ಮಧ್ಯಮ, ದೊಡ್ಡ ಎಂದು ಪಂಚಧಾ ವಿಭಜಿಸಿವೆ. ಆ ಯಂತ್ರಗಳ ಅಧೋಭಾಗದಲ್ಲಿರುವ ಪದಾರ್ಥಗಳನ್ನು ಮಾತ್ರ ಯಾರೂ ವಿಭಜಿಸಿಲ್ಲ. ಈ ಲೋಪದ ಪರಿಹಾರಾರ್ಥವಾಗಿ ಅಧಸ್ತಲಮೀಮಾಂಸೆಯೆಂಬ ನೂತನ ಶಾಸ್ತ್ರವನ್ನು ಇಲ್ಲಿ ಪ್ರತಿಷ್ಠಾಪಿಸಲಾಗಿದೆ. ಇದರ ಪ್ರಯೋಗಕ್ಷೇತ್ರ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ. ಅನುಬಂಧಕ್ಷೇತ್ರ ದಿಂಡಿಗಲ್ಲಿನ ಸಿರುಮಲೆ.

ಲಕ್ಷಣ: ಯಂತ್ರೋದರದಿಂದ ಅಧೋಮುಖವಾಗಿ ಹೊರಟ ಲೇಸರ್ ಸ್ಪಂದಕ್ಕೆ ಪ್ರತ್ಯುತ್ತರವೀಯುವ ದ್ರವ್ಯವೇ ತಲ. ಸ್ಪಂದವು ಹೋಗಿಬರುವ ಕಾಲವನ್ನು ಬೆಳಕಿನ ವೇಗದಿಂದ ಗುಣಿಸಿ ಅರ್ಧಿಸಿದರೆ ಔನ್ನತ್ಯ. ಮೂರು ಮೀಟರಿಗೆ 20 ನ್ಯಾನೊಸೆಕೆಂಡು. ಮಾಪಕಕ್ಕೆ ಉತ್ತರ ಬಂದ ಕಾಲ ಗೊತ್ತು. ಉತ್ತರಿಸಿದವರು ಯಾರೆಂಬುದು ಗೊತ್ತಿಲ್ಲ. ಶಾಸ್ತ್ರದ ಸಮಸ್ತ ವಿಸ್ತಾರವೂ ಈ ಅಜ್ಞಾನದಿಂದಲೇ ಜನಿಸಿದೆ.

ಇಲ್ಲಿ ವಾಯುಭಾರವಾದಿಗಳ ಪೂರ್ವಪಕ್ಷ: ಒತ್ತಡಮಾಪಕವಿರಲು ಕಿರಣವೇಕೆ? ಸಮಾಧಾನ: ಒಂದು ಮಿಲಿಬಾರ್ ವ್ಯತ್ಯಾಸಕ್ಕೆ ಎಂಟು ಮೀಟರಿಗೂ ತುಸು ಹೆಚ್ಚು ಎತ್ತರ. ಆಡಿ ಮಾಸದಲ್ಲಿ ಘಟ್ಟದಿಂದ ಕಣಿವೆಗೆ ನುಗ್ಗುವ ಗಾಳಿ ಕಾಲು ಮಿಲಿಬಾರಿನಷ್ಟು ಕ್ಷೋಭೆಗೊಳಿಸಿದರೂ ಎರಡು ಮೀಟರ್, ಅರ್ಥಾತ್ ಒಂದು ದ್ರಾಕ್ಷಿಚಪ್ಪರದ ಸಮಗ್ರ ಔನ್ನತ್ಯ, ಲುಪ್ತವಾಗುತ್ತದೆ. ಪೂರ್ವಪಕ್ಷ ನಿರಸ್ತ.

ತಲವು ಪಂಚವಿಧ. 1. ಪಾರ್ಥಿವ: ಮಣ್ಣು. ವಿವಾದವಿಲ್ಲದ ಕಾರಣ ವ್ಯಾಖ್ಯಾನವೂ ಇಲ್ಲ.

2. ಪಾರ್ಣ: 2023ರಲ್ಲಿ ಭೌಗೋಳಿಕ ಸೂಚಕ ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯ ಚಪ್ಪರ ಇದರ ಪರಮೋದಾಹರಣೆ. ಉಪಭೇದಗಳು ಮೂರು. (ಅ) ನಿಬಿಡಪರ್ಣ: ಎಲೆಯೇ ಉತ್ತರಿಸುತ್ತದೆ. (ಆ) ಛಿನ್ನಪರ್ಣ: ಚಾಟನಿಯ ತರುವಾಯ ಬರಿಯ ಬಳ್ಳಿ ಮತ್ತು ತಂತಿ, ಕಿರಣವು ಅವುಗಳ ನಡುವೆ ನುಸುಳಿ ಮಣ್ಣನ್ನು ಮುಟ್ಟುತ್ತದೆ. (ಇ) ಸಂದಿಗ್ಧಪರ್ಣ: ಕಿರಣದ ಅರ್ಧಾಂಶಕ್ಕೆ ಎಲೆ, ಅರ್ಧಾಂಶಕ್ಕೆ ಮಣ್ಣು ಉತ್ತರಿಸಿ, ಎಲೆಯೂ ಇಲ್ಲದ ಮಣ್ಣೂ ಇಲ್ಲದ ಮಧ್ಯಾಕಾಶದಲ್ಲಿ ತಲವು ಸಿದ್ಧಿಸುತ್ತದೆ. ಅನ್ಯತ್ರ ಇವು ಋತುಕ್ರಮದಲ್ಲಿ ಒಂದಾದಮೇಲೊಂದು ಗೋಚರಿಸಬಹುದು. ಇಲ್ಲಿ ವರ್ಷಪೂರ್ತಿ ಕೊಯ್ಲು; ಒಂದು ತೋಟ ಚಿಗುರುವಾಗ ಪಕ್ಕದ್ದು ಮಾಗುತ್ತದೆ. ಆದ್ದರಿಂದ ಮೂರೂ ಉಪಭೇದಗಳು ಒಂದೇ ಹಾರಾಟದಲ್ಲಿ ಪ್ರಾಪ್ತ. ಮೀಮಾಂಸಕನಿಗೆ ಇದು ಪರಮಭಾಗ್ಯ, ಚಾಲಕನಿಗೆ ಅಲ್ಲ.

3. ಆಪ್ಯ: 1895ರಲ್ಲಿ ಪೂರ್ಣಗೊಂಡ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಕಣಿವೆಯ 14,707 ಎಕರೆ ಗದ್ದೆಗೆ ಹರಿಯುವಾಗ ಉತ್ಪನ್ನವಾಗುವ ತಲ. ನಿಶ್ಚಲಜಲವು ಕಿರಣವನ್ನು ಕನ್ನಡಿಯ ರೀತಿ ಅನ್ಯದಿಕ್ಕಿಗೆ ಕಳಿಸಿ ಮೌನ ವಹಿಸಬಲ್ಲದು. ಉತ್ತರವೀಯದ್ದು ತಲವೇ ಎಂಬ ಶಂಕೆ ನ್ಯಾಯವಾದದ್ದು. ಮೌನವನ್ನು ಯಂತ್ರವು ಅತ್ಯುನ್ನತಿಯೆಂದು ಭಾವಿಸಿ ಇಳಿದು ಮುಳುಗಿದರೆ, ಮುಳುಗಿದ್ದೇ ತಲತ್ವಕ್ಕೆ ಪ್ರಮಾಣ.

4. ಚಲ: ಕಂಬಂನಲ್ಲಿ ಕನ್ನಡ ಮನೆಮಾತಿನ ಕಾಪಿಲಿಯ ಒಕ್ಕಲಿಗರಿಗೆ ಸೇರಿದ ನಂದಗೋಪಾಲಸ್ವಾಮಿ ಸನ್ನಿಧಿಯ ತಂಬಿರಾನ್ ದನಗಳ ದೊಡ್ಡಿಯನ್ನು ನಿದರ್ಶನವಾಗಿ ಕಲ್ಪಿಸಿಕೊಳ್ಳಬಹುದು. ಉಪಭೇದಗಳು ಪೃಷ್ಠ, ಕಕುದ, ಶೃಂಗ. ಗೋವು ಮುಂದೆ ನಡೆದೊಡನೆ ಭೂಮಿ ಕುಸಿಯಿತೆಂದು ಯಂತ್ರ ಇಳಿಯುತ್ತದೆ. ಮುಂದಿನ ಗೋವು ಬರಲು ಏರುತ್ತದೆ. ಬಾಲವನ್ನು ಪ್ರತ್ಯೇಕ ಉಪಭೇದವಾಗಿ ಅಂಗೀಕರಿಸಿಲ್ಲ: ಅದು ಕಿರಣದ ಕೆಳಗೆ ಸಾಕಷ್ಟು ಹೊತ್ತು ನಿಲ್ಲುವುದಿಲ್ಲ.

5. ರಾಜಸ: ರೆಕ್ಕೆಗಳ ಗಾಳಿಯಿಂದ ಎದ್ದ ಧೂಳು. ಇಲ್ಲಿ ಯಂತ್ರವೇ ತಲದ ಸೃಷ್ಟಿಕರ್ತ.

ಸಿರುಮಲೆಯ ಇಳಿಜಾರಿಗೆ ಹೊಸ ತಲ ಬೇಡ, ದೋಷವು ದೃಷ್ಟಿಯದು. ಸಮತಲದಲ್ಲೇ ಯಂತ್ರವು 20 ಡಿಗ್ರಿ ವಾಲಿದರೆ ಹತ್ತು ಮೀಟರ್ 10.64 ಎಂದು ತೋರುತ್ತದೆ. ಇಳಿಜಾರಿನಲ್ಲಿ ದೋಷವು ವಾಲಿದ ದಿಕ್ಕನ್ನು ಅವಲಂಬಿಸಿ ಹೆಚ್ಚಬಹುದು, ಕುಗ್ಗಬಹುದು.

2021ರ ಏಪ್ರಿಲ್ 19ರಂದು ಮಂಗಳಗ್ರಹದಲ್ಲಿ ಹಾರಿದ ಇಂಜೆನ್ಯುಯಿಟಿ ಹೆಲಿಕಾಪ್ಟರಿನಲ್ಲಿದ್ದುದು ಅಂಗಡಿಯಲ್ಲಿ ಬಿಕರಿಯಾಗುವ ಗಾರ್ಮಿನ್ ಲೈಡಾರ್-ಲೈಟ್ ಮಾಪಕವೇ. ಆದರೆ ಅಲ್ಲಿ ಎಲೆಯಿಲ್ಲ, ಗದ್ದೆಯಿಲ್ಲ, ಗೋವಿಲ್ಲ, ಪಾರ್ಥಿವ, ರಾಜಸಗಳೆರಡೇ. ಶಾಸ್ತ್ರದೃಷ್ಟಿಯಿಂದ ಮಂಗಳವು ಕಂಬಂಗಿಂತ ದರಿದ್ರಕ್ಷೇತ್ರ.

ನಿರ್ಣಯ: ಔಷಧ ಸಿಂಪಡಿಸುವ ಯಂತ್ರಕ್ಕೆ ಪಾರ್ಣವೇ ಗ್ರಾಹ್ಯ, ಇಳಿಯುವ ಯಂತ್ರಕ್ಕೆ ಪಾರ್ಥಿವವೇ ಗ್ರಾಹ್ಯ. ಒಂದೇ ಯಂತ್ರವು ಎರಡನ್ನೂ ಮಾಡುವುದರಿಂದ, ಯಾವಾಗ ಯಾವುದೆಂದು ಅದಕ್ಕೆ ಮುಂಚಿತವಾಗಿ ತಿಳಿಸತಕ್ಕದ್ದು. ಆರನೆಯ ತಲವನ್ನು ಕಂಡ ವಾಚಕರು ಅದರ ಉಪಭೇದಗಳ ಸಹಿತ ನಿವೇದಿಸಬೇಕಾಗಿ ವಿನಂತಿ.