ಯಲಹಂಕದ ಜನರಲ್ ಮ್ಯಾನೇಜರು

ಯಲಹಂಕ ನ್ಯೂಟೌನಿನ ಪಾರ್ಕಿನಲ್ಲಿ ಬೆಳಿಗ್ಗೆ ಏಳರ ಸುಮಾರಿಗೆ, ವಾಕಿಂಗಿಗೆಂದು ಬಂದು ಒಂದು ಸುತ್ತೂ ಹಾಕದೆ, ಮಂಕಿಕ್ಯಾಪ್ ತೊಟ್ಟು, ಪೇಪರಿನ ಕ್ರೀಡಾಪುಟವನ್ನಷ್ಟೇ ಕೈಯಲ್ಲಿ ಹಿಡಿದು ಕಲ್ಲುಬೆಂಚಿನ ಮೇಲೆ ಕೂತವರು ಕಂಡರೆ, ಅವರೇ ನಮ್ಮ ಮ್ಯಾನೇಜರು. ಈ ಹುದ್ದೆ ಕೊಟ್ಟದ್ದು ಪಾರ್ಕಿನವರು. ಅವರು ದುಡಿದದ್ದು ರೈಲ್ವೆಯ ವೀಲ್ ಅಂಡ್ ಆಕ್ಸಲ್ ಪ್ಲಾಂಟಿನ ಸ್ಟೋರ್ಸ್ ಸೆಕ್ಷನ್ನಿನಲ್ಲಿ. ಕಾರ್ಖಾನೆಗೆ ಈಗ ರೈಲ್ ವೀಲ್ ಫ್ಯಾಕ್ಟರಿ ಎಂದು ಹೆಸರು. ಇವರು ಇನ್ನೂ ಒಪ್ಪಿಕೊಂಡಿಲ್ಲ.

ರಿಟೈರಾದ ಮೇಲೆ ಅವರು ನಡೆಸುತ್ತಿರುವುದು ರಾಯಲ್ ಚಾಲೆಂಜರ್ಸ್ ತಂಡವನ್ನು. ತಂಡಕ್ಕೆ ಇದು ಗೊತ್ತಿಲ್ಲ, ಅಷ್ಟೇ.

ಮೊದಲು ಇವರೂ ಎಲ್ಲರಂತೆ ಟೀವಿ ಮುಂದೆ ಕೂತು ಬೌಲರುಗಳನ್ನು ಬೈಯುತ್ತಿದ್ದ ಸಾಮಾನ್ಯ ಪ್ರೇಕ್ಷಕರೇ. ಮ್ಯಾನೇಜರಾದದ್ದು ಸೊಸೆಯಿಂದ. ಆಕೆ ರಾತ್ರಿ ಊಟವಾದ ಮೇಲೆ ಕೊರಿಯಾದ ಸೀರಿಯಲ್ಲು ನೋಡುವವಳು. ಒಂದು ರಾತ್ರಿ ಹಾಕಿದ್ದು ‘ಸ್ಟೋವ್ ಲೀಗ್’. ಎಸ್‌ಬಿಎಸ್ ಚಾನೆಲ್ಲಿನಲ್ಲಿ 2019ರ ಡಿಸೆಂಬರಿನಿಂದ 2020ರ ಫೆಬ್ರವರಿವರೆಗೆ ಬಂದದ್ದು, ಬೇಸ್‌ಬಾಲ್ ಕಥೆ. ಬೇಸ್‌ಬಾಲ್ ಬ್ಯಾಟನ್ನು ನಮ್ಮವರು ಅಲ್ಲಿಯವರೆಗೆ ಕನ್ನಡ ಸಿನಿಮಾದ ರೌಡಿಗಳ ಕೈಯಲ್ಲಿ ಮಾತ್ರ ನೋಡಿದ್ದರು. ಹೊಡೆದಾಟ ಬರಬಹುದೆಂದು ಕೂತರು. ಬಂದದ್ದು ಮೀಟಿಂಗು.

ಆ ಸೀರಿಯಲ್ಲಿನ ಸ್ವಾರಸ್ಯವೇ ಅದು. ಡ್ರೀಮ್ಸ್ ಎಂಬ ತಂಡ, ನಾಲ್ಕು ವರ್ಷದಿಂದ ಕಟ್ಟಕಡೆಯ ಸ್ಥಾನ. ಬೇಸ್‌ಬಾಲಿನ ಗಂಧಗಾಳಿ ಇಲ್ಲದ ಬೇಕ್ ಸುಂಗ್‌ಸು ಎಂಬುವನು ಜನರಲ್ ಮ್ಯಾನೇಜರಾಗಿ ಬರುತ್ತಾನೆ. ಚೆಂಡು ಹೊಡೆಯುವ ದೃಶ್ಯ ಅಪರೂಪ. ಮಿಕ್ಕಿದ್ದೆಲ್ಲ ಬಜೆಟ್ಟು, ಸಂಬಳದ ಚೌಕಾಶಿ, ಕರಾರುಪತ್ರ, ಲಂಚ ತಿಂದ ಸ್ಕೌಟು, ತಂಡವನ್ನೇ ಮುಚ್ಚಿಸಲು ಹೊಂಚುವ ಮಾಲೀಕರ ಕಡೆಯವನು. ಮೂವತ್ತು ವರ್ಷದ ಸ್ಟೋರ್ಸ್ ನೌಕರಿ ಹಿನ್ನೆಲೆ ಸಂಗೀತದೊಂದಿಗೆ ಕಣ್ಣೆದುರು ಬಂದರೆ ಯಾರಿಗೆ ತಾನೇ ನಿದ್ದೆ ಬಂದೀತು?

“ನೋಡಮ್ಮ, ಅವನು ಒಂದ್ಸಲಾನಾದ್ರೂ ನಗ್ತಾನಾ? ಪರ್ಚೇಸ್‌ನಲ್ಲಿ ಕೂತೋನು ನಗಬಾರದು. ನಕ್ಕರೆ ಪಾರ್ಟಿ ರೇಟು ಏರಿಸ್ತಾನೆ,” ಎಂದು ಸೊಸೆಗೆ ಪಾಠ.

“ಸುಮ್ನೆ ನೋಡಿ ಮಾವ, ಸಬ್‌ಟೈಟಲ್ ಹೋಗ್ಬಿಡತ್ತೆ,” ಎಂದಳು ಆಕೆ. ಅವಳಿಗೆ ಆ ನಟ ನಾಮ್‌ಗುಂಗ್ ಮಿನ್ ಚೆನ್ನಾಗಿದ್ದಾನೆ ಎಂಬುದಷ್ಟೇ ಮುಖ್ಯವಾಗಿತ್ತು.

ಅಂದಿನಿಂದ ಪಾರ್ಕಿನಲ್ಲಿ ಮಾತಿನ ವರಸೆ ಬದಲಾಯಿತು. ಕೊಹ್ಲಿ ಹೇಗೆ ಆಡಿದ ಎಂದು ಕೇಳಿದರೆ, “ಆಟ ಆಮೇಲೆ ಸ್ವಾಮಿ, ಇಂಡೆಂಟ್ ಮೊದಲು,” ಎನ್ನತೊಡಗಿದರು. 2024ರ ನವೆಂಬರ್ 24 ಮತ್ತು 25ರಂದು ಜೆಡ್ಡಾದಲ್ಲಿ ಐಪಿಎಲ್ ಮಹಾಹರಾಜು ನಡೆದಾಗ, ಇಲ್ಲಿ ಮನೆಯಲ್ಲಿ ಟೀಪಾಯಿ ಮೇಲೆ ಹಳೆಯ ಇಂಡೆಂಟ್ ಪುಸ್ತಕ ಬಿಚ್ಚಿತು. ಒಟ್ಟು 120 ಕೋಟಿ, ಕೊಹ್ಲಿಗೆ 21, ಪಾಟೀದಾರನಿಗೆ 11, ಯಶ್ ದಯಾಳನಿಗೆ 5, ಉಳಿದದ್ದು 83. ಕೆಂಪು ಶಾಯಿಯಲ್ಲಿ ಅಡಿಗೆರೆ. ಹೇಜಲ್‌ವುಡ್ ಹನ್ನೆರಡೂವರೆ ಕೋಟಿಗೆ ಬಂದಾಗ “ರೇಟ್ ರೀಸನಬಲ್” ಎಂದು ಷರಾ ಬರೆದರು. ವಿಲ್ ಜ್ಯಾಕ್ಸ್‌ನನ್ನು ವಾಪಸು ಪಡೆಯುವ ಕಾರ್ಡು ಕೈಯಲ್ಲಿದ್ದರೂ ನಮ್ಮವರು ಬಿಟ್ಟುಕೊಟ್ಟು, 5.25 ಕೋಟಿಗೆ ಅವನು ಮುಂಬೈ ಪಾಲಾಗಿ, ಆಕಾಶ್ ಅಂಬಾನಿ ಎದ್ದು ನಮ್ಮವರ ಟೇಬಲ್ಲಿಗೇ ಬಂದು ಕೈಕುಲುಕಿದರಲ್ಲ, ಆಗ ಪೆನ್ನು ಕೆಳಗಿಟ್ಟರು. “ನಮ್ಮ ಸೆಕ್ಷನ್ನಲ್ಲಾಗಿದ್ರೆ ಪಾರ್ಟಿ ಟೇಬಲ್ ಹತ್ರ ಬಂದಿದ್ದಕ್ಕೇ ಆಡಿಟ್ ಆಬ್ಜೆಕ್ಷನ್ನು!”

“ರೀ, ಗ್ಯಾಸ್ ಬುಕ್ ಮಾಡಿ ಅಂತ ಮೂರು ದಿನದಿಂದ ಹೇಳ್ತಿದೀನಿ,” ಎಂದು ಒಳಗಿನಿಂದ ದನಿ ಬಂತು. ಆ ಇಂಡೆಂಟು ಇನ್ನೂ ಪಾಸಾಗಿರಲಿಲ್ಲ.

ಇವರಿಗೆ ಎದುರಾಳಿಗಳಿಲ್ಲವೆಂದಲ್ಲ. ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ ಮಾಡುವ, ಹೆಬ್ಬಾಳದ ಫ್ಲೈಓವರಿನ ಮೇಲೆ ಕ್ಯಾಬಿನಲ್ಲಿ ಕೂತು ಅರ್ಧ ಆಯುಷ್ಯ ಕಳೆಯುತ್ತಿರುವ ಹುಡುಗನೊಬ್ಬ ಶನಿವಾರ ಪಾರ್ಕಿಗೆ ಬರುತ್ತಾನೆ. ಅವನ ಧರ್ಮಗ್ರಂಥ ‘ಮನಿಬಾಲ್’, 2011ರ ಸಿನಿಮಾ, ಬ್ರಾಡ್ ಪಿಟ್‌ನದು. ಓಕ್ಲೆಂಡಿನ ಬಡ ತಂಡ, ಬಿಲ್ಲಿ ಬೀನ್ ಎಂಬ ಮ್ಯಾನೇಜರು, ಅಂಕಿಅಂಶ ನೋಡಿ ಯಾರಿಗೂ ಬೇಡದ ಆಟಗಾರರನ್ನು ಅಗ್ಗಕ್ಕೆ ಹಿಡಿದದ್ದು, 2002ರಲ್ಲಿ ಸಾಲಾಗಿ 20 ಪಂದ್ಯ ಗೆದ್ದದ್ದು, ಎಲ್ಲವನ್ನೂ ಅವನು ಕಣ್ಣರಳಿಸಿ ಹೇಳಿದ. ಮ್ಯಾನೇಜರು ಶಾಂತವಾಗಿ ಕೇಳಿ, “ಕೊನೆಗೆ ಕಪ್ ಗೆದ್ದರೇನಪ್ಪ?” ಎಂದರು.

“ಇಲ್ಲ ಅಂಕಲ್. ಪ್ಲೇಆಫ್‌ನಲ್ಲಿ ಮೊದಲನೇ ಸುತ್ತಲ್ಲೇ ಸೋತ್ರು.”

“ಹಾಗಾದ್ರೆ ನಮ್ಮವರೇ ಬಿಡು!”

ಇನ್ನೊಬ್ಬರು ಯಶವಂತಪುರದ ಎಪಿಎಂಸಿ ಯಾರ್ಡಿನಲ್ಲಿ ಈರುಳ್ಳಿ ಮಂಡಿ ಇಟ್ಟಿದ್ದವರು, ಈಗ ಮಗನಿಗೆ ಬಿಟ್ಟು ಇಲ್ಲಿ ಮನೆ ಮಾಡಿದ್ದಾರೆ. ಅವರ ಅಭಿಪ್ರಾಯ ಚಿಕ್ಕದು. “ಮೂಟೆ ಬಾಯಿ ಬಿಚ್ಚಿಸಿ, ಒಳಗೆ ಕೈ ಹಾಕಿ ನೋಡ್ದೆ ನಾವು ಒಂದ್ರೂಪಾಯಿ ಕೂಗಲ್ಲ. ಇವ್ರು ಟೀವಿಲಿ ನೋಡಿ ಕೋಟಿ ಕೂಗ್ತಾರಲ್ಲ!” ನನ್ನನ್ನು ಕೇಳಿದರೆ, ಮೂವರಲ್ಲಿ ಹರಾಜಿನ ಮರ್ಮ ಬಲ್ಲವರು ಇವರೊಬ್ಬರೇ. ಆದರೆ ಇವರು ಸೀರಿಯಲ್ಲು ನೋಡಿಲ್ಲವಾದ್ದರಿಂದ ಪಾರ್ಕಿನಲ್ಲಿ ಇವರ ಮಾತಿಗೆ ಬೆಲೆಯಿಲ್ಲ.

ಮ್ಯಾನೇಜರ ವಿದ್ಯೆ ಪರೀಕ್ಷೆಗೆ ಬಂದದ್ದು ಗಣೇಶನ ಹಬ್ಬಕ್ಕೆ ನಮ್ಮ ರಸ್ತೆಯ ಹುಡುಗರು ಇಟ್ಟ ಟೆನಿಸ್‌ಬಾಲ್ ಟೂರ್ನಮೆಂಟಿನಲ್ಲಿ. ಚಂದಾ ಕೊಟ್ಟ ಹಿರಿಯರೆಂದು ಒಂದು ಟೀಮು ಇವರ ಕೈಗೆ ಬಂತು. ಸೀರಿಯಲ್ಲಿನ ಮ್ಯಾನೇಜರು ಬರುತ್ತಲೇ ಮಾಡಿದ ಮೊದಲ ಕೆಲಸ, ತಂಡದ ಅತಿ ಜನಪ್ರಿಯ ಬ್ಯಾಟುಗಾರ ಇಮ್ ಡೊಂಗ್‌ಗ್ಯುವನ್ನು ಬೇರೆ ತಂಡಕ್ಕೆ ಸಾಗಹಾಕಿ ಬದಲಿಗೆ ಒಳ್ಳೆಯ ಪಿಚರ್ ತಂದದ್ದು. ಇವರೂ ಹಾಗೆಯೇ ಮಾಡಿದರು. ನಮ್ಮ ರಸ್ತೆಯ ಸಿಕ್ಸರ್ ವೀರನನ್ನು ಹಿಂದಿನ ಕ್ರಾಸಿನವರಿಗೆ ಕೊಟ್ಟು, ಅಲ್ಲಿಂದ ಗುರಿಯಿಟ್ಟು ಯಾರ್ಕರ್ ಹಾಕುವ ಸಣಕಲು ಹುಡುಗನನ್ನು ತಂದರು. ಸಂಸ್ಕೃತಿ ಬದಲಾಗಬೇಕು ಎಂದರು. ಎಲ್ಲ ಸರಿಯೇ. ಟೀಮಿನಲ್ಲಿದ್ದ ಒಂದೇ ಒಂದು ನೆಟ್ಟಗಿನ ಬ್ಯಾಟು ಆ ಸಿಕ್ಸರ್ ವೀರನದು ಎಂಬುದು ಮಾತ್ರ ಸ್ಟಾಕ್ ರಿಜಿಸ್ಟರಿನಲ್ಲಿ ದಾಖಲಾಗಿರಲಿಲ್ಲ. ಅವನು ಬ್ಯಾಟು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಕ್ರಾಸಿಗೆ ಹೋದ. ನಮ್ಮವರು ಪ್ಲಾಸ್ಟಿಕ್ ಬ್ಯಾಟಿನಲ್ಲಿ ಆಡಿ ಮೂರನೇ ಓವರಿಗೇ ಮನೆ ಸೇರಿದರು. “ಪ್ರಾಸೆಸ್ ಸರಿಯಿತ್ತು, ರಿಸಲ್ಟ್ ಬರ್ಲಿಲ್ಲ,” ಎಂದರು ಮ್ಯಾನೇಜರು. ದೊಡ್ಡ ತಂಡಗಳವರೂ ಸೋತಾಗ ಹೇಳುವುದು ಇದನ್ನೇ.

ನೆನಪಿನ ಶಕ್ತಿಯಂತೂ ಅಗಾಧ, ಬೇಕಾದ್ದಕ್ಕೆ ಮಾತ್ರ. ಹರಾಜಿನಲ್ಲಿ ಕೆ.ಎಲ್. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದಾಗ “ಒಳ್ಳೇದಾಯ್ತು, ದುಬಾರಿ” ಎಂದವರು ಇವರೇ. 2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿಯಲ್ಲಿ ನಮ್ಮ ಮೇಲೇ ಔಟಾಗದೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ ಇದು ನನ್ನ ಜಾಗ ಎಂದು ತೋರಿಸಿದ. ಮರುಬೆಳಿಗ್ಗೆ ಪಾರ್ಕಿನಲ್ಲಿ, “ನಾನು ಆವತ್ತೇ ಬಡ್ಕೊಂಡೆ, ಲೋಕಲ್ ಹುಡುಗನ್ನ ಬಿಡಬೇಡಿ ಅಂತ.” ಇಂಡೆಂಟ್ ಪುಸ್ತಕ ತಂದು ತೋರಿಸಿ ಎಂದೆವು. ಆ ಹಾಳೆ ಹರಿದಿದೆಯಂತೆ.

ನಿಜವಾದ ಸಂಕಟ ಬಂದದ್ದು ಜೂನ್ 3ಕ್ಕೆ. ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ನಮ್ಮವರು ಕಪ್ ಎತ್ತಿದರು. 2009ರ ಫೈನಲ್ಲಿನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು ಸೋತದ್ದೂ ಇದೇ 6 ರನ್ನಿನಿಂದ. “ಅಸಲು ತೀರಿತು,” ಎಂದು ಮ್ಯಾನೇಜರು ರಾತ್ರಿ ಹನ್ನೆರಡಕ್ಕೆ ಬೀದಿಗೆ ಬಂದು ಎಲ್ಲರಿಗೂ ಮೈಸೂರುಪಾಕು ಹಂಚಿದರು. ಮರುದಿನ ಸಂಜೆ ಚಿನ್ನಸ್ವಾಮಿಯ ಗೇಟುಗಳ ಬಳಿ ಕಾಲ್ತುಳಿತದಲ್ಲಿ 11 ಜನ ಸತ್ತರು. ಎಷ್ಟೋ ದಿನ ಪಾರ್ಕಿನಲ್ಲಿ ಯಾರೂ ಕ್ರಿಕೆಟ್ ಮಾತೆತ್ತಲಿಲ್ಲ. ಮ್ಯಾನೇಜರೂ ಎತ್ತಲಿಲ್ಲ.

ಆಮೇಲೆ ಮಾತು ಶುರುವಾದಾಗ ಅವರಿಗೆ ಹೇಳಲು ಏನೂ ಉಳಿದಿರಲಿಲ್ಲ. ಸೋಲುವ ತಂಡಕ್ಕೆ ಊರೆಲ್ಲ ಮ್ಯಾನೇಜರು. ಗೆದ್ದ ತಂಡಕ್ಕೆ ಒಬ್ಬನೂ ಬೇಡ. ತಂಡ ಕಪ್ ಇಲ್ಲದೆ ಬರಿಗೈಯಲ್ಲಿ ಬರುತ್ತಿದ್ದಾಗ ಇವರ ಸುತ್ತ ಬೆಂಚು ತುಂಬುತ್ತಿತ್ತು. ಕಪ್ ಬಂದು ಇವರಿಗೆ ಎರಡನೇ ಸಲ ರಿಟೈರ್‌ಮೆಂಟ್ ಆಯಿತು. ನಿಜವಾಗಿ ವಾಕಿಂಗ್ ಮಾಡಲು ಶುರುಮಾಡಿದರು. ಶುಗರ್ ಕಂಟ್ರೋಲಿಗೆ ಬಂದಿದೆ ಎಂದು ಮನೆಯಾಕೆ ಖುಷಿಪಟ್ಟರು.

ಖುಷಿ ಬಹಳ ದಿನ ನಿಲ್ಲಲಿಲ್ಲ. ನವೆಂಬರಿನಲ್ಲಿ ಯುನೈಟೆಡ್ ಸ್ಪಿರಿಟ್ಸ್ ಕಂಪನಿ ತಂಡದ ಒಡೆತನದ ಬಗ್ಗೆ ಪರಾಮರ್ಶೆ ಶುರುಮಾಡಿರುವುದಾಗಿ ಷೇರುಪೇಟೆಗೆ ತಿಳಿಸಿತು. ತಂಡ ಮಾರುತ್ತಾರಂತೆ ಎಂದು ಊರೆಲ್ಲ ಸುದ್ದಿ. ಮರುದಿನವೇ ಮಂಕಿಕ್ಯಾಪು ಬೆಂಚಿಗೆ ವಾಪಸಾಯಿತು. “ಹೇಳಲಿಲ್ವಾ ಸ್ವಾಮಿ? ಅದೇ ಸೀರಿಯಲ್ ಕಥೆ. ಅಲ್ಲೂ ಕೊನೇಲಿ ಮಾಲೀಕ್ರು ಕೈಬಿಟ್ರು, ಐಟಿ ಕಂಪನಿಯೋನು ಬಂದು ತಂಡ ತಗೊಂಡ,” ಎಂದು ಮಾನ್ಯತಾದ ಹುಡುಗನ ಕಡೆ ಹೀಗೆ ನೋಡಿದರು, ಅವನೇ ಚೆಕ್ಕು ಬರೆಯಬೇಕೇನೋ ಎಂಬಂತೆ. ಅವನು ಮೊಬೈಲು ನೋಡುತ್ತಾ ಎದ್ದು ಹೋದ.

ಇಂಥವರು ಆರ್.ಟಿ. ನಗರದಲ್ಲೂ ಇದ್ದಾರೆ, ಸಹಕಾರ ನಗರದಲ್ಲೂ ಇದ್ದಾರೆ, ನಿಮ್ಮ ಪಾರ್ಕಿನಲ್ಲೂ ಒಬ್ಬರಿರುತ್ತಾರೆ. ಸಿಕ್ಕಾಗ ಹರಾಜಿನ ಬಗ್ಗೆ ಧಾರಾಳವಾಗಿ ಕೇಳಿ, ಜಗಳ ಬೇಕಾದರೂ ಆಡಿ. ಸೀರಿಯಲ್ಲು ನೋಡಿಲ್ಲ ಅಂತ ಮಾತ್ರ ಬಾಯಿಬಿಡಬೇಡಿ. 16 ಕಂತು ಇದೆ, ಒಂದೂ ಬಿಡದೆ ಹೇಳುತ್ತಾರೆ.