ಸೋಗೆ ಮರೆಯ ಚಂದ್ರ

ನಮ್ಮ ತಿಪಟೂರು ಸೀಮೆಯಲ್ಲಿ ಯಾವುದಕ್ಕೂ ಅವಸರವಿಲ್ಲ. ಕಾಯಿ ಅಟ್ಟಕ್ಕೆ ಹಾಕಿದರೆ ಉಂಡೆ ಕೊಬ್ಬರಿಯಾಗಲು 10–11 ತಿಂಗಳು. ಅಲ್ಲಿಯವರೆಗೆ ನಾವು ಕೆಳಗೆ ಮಲಗಿರುತ್ತೇವೆ. ಇಂಥ ಊರಿನ ನಾನು ಅರ್ಧ ಸೆಕೆಂಡಿನ ನೋಟಕ್ಕೆ ಆಸೆಪಟ್ಟೆ.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಚಂದ್ರನ ಮುಂದೆ ಹಾಯುತ್ತದೆಂದು ಮಗಳ ಮೊಬೈಲು ಹೇಳಿತು. ಸುಮಾರು 400 ಕಿ.ಮೀ. ಎತ್ತರ, ಗಂಟೆಗೆ 28,000 ಕಿ.ಮೀ. ವೇಗ. ಅದು ಕಾಣುವ ಪಟ್ಟಿ ಕೆಲವೇ ಕಿಲೋಮೀಟರು ಅಗಲ. ಅಂಥ ಪಟ್ಟಿ ನಮ್ಮ ತೋಟದ ಮೇಲೇ ಬಿದ್ದಿತ್ತು. ತೋಟದ ಮೇಲೆ ಅಂದರೆ, ಸೋಗೆಗಳ ಮೇಲೆ! ದುರ್ಬೀನು ಹಿಡಿದು ಎಲ್ಲಿಗೆ ಹೋದರೂ ಚಂದ್ರ ಇನ್ನೊಂದು ಮರದ ಗೊನೆಯೊಳಗೆ ಎಳನೀರಿನ ಹಾಗೆ ಕೂರುತ್ತಿದ್ದ. ಕೊನೆಗೆ ಕಾಯಿಸಿಪ್ಪೆಯ ರಾಶಿ ಹತ್ತಿದೆ. ಮೊಣಕಾಲುದ್ದ ಹೂತುಕೊಂಡರೂ ಚಂದ್ರ ಸಿಕ್ಕ.

"ಏನಪ್ಪಾ ಹುಡುಕ್ತಿದ್ದೀಯ?" ಅಂದಳು ಅವ್ವ.

"ಮೇಲೆ ಜನ ಅವ್ರೆ ಕಣವ್ವ. 2025ರಲ್ಲಿ ನಮ್ಮ ಶುಭಾಂಶು ಶುಕ್ಲಾ ಅಲ್ಲಿಗೆ ಹೋಗಿ, ಧಾರವಾಡ ಕೃಷಿ ವಿಶ್ವವಿದ್ಯಾಲಯದೋರ ಪ್ರಯೋಗಕ್ಕೆ ಹೆಸರುಕಾಳು, ಮೆಂತ್ಯ ಮೊಳಕೆ ಬರಿಸಿದ್ರು."

"ಮೊಳಕೆ ಕಟ್ಟೋಕೆ ಅಷ್ಟು ದೂರ ಹೋಗ್ಬೇಕಿತ್ತಾ?"

ಉತ್ತರ ಕೊಡಲು ತಿರುಗಿದೆ. "ಹೋಯ್ತು," ಅಂದಳು ಮಗಳು.

ನೀವೂ ನೋಡುವುದಾದರೆ ತೆಂಗಿಲ್ಲದ ಬಯಲು ಹುಡುಕಿ. ಮನೆಯ ಹಿರಿಯರನ್ನು ಮೊದಲೇ ಮಲಗಿಸಿ.