ಹೊಸಪೇಟೆಯ ಬೇಸಿಗೆಯಲ್ಲಿ ಸಾಕುಪ್ರಾಣಿಗಳ ಶಯನನೆಲೆಗಳು: ಒಂದು ತಾತ್ವಿಕ ಅನುಸಂಧಾನ

ಪೀಠಿಕೆ

ತುಂಗಭದ್ರೆಯ ದಡದ ಹೊಸಪೇಟೆಯಲ್ಲಿ ನಾಯಿ, ಬೆಕ್ಕು ಮೊದಲಾದ ಮಾನವೇತರ ಸಹಜೀವಿಗಳು ಏಪ್ರಿಲ್–ಮೇ ತಿಂಗಳಲ್ಲಿ ಎಲ್ಲಿ ಮಲಗುತ್ತವೆ, ಅಲ್ಲೇ ಏಕೆ ಮಲಗುತ್ತವೆ, ಗದರಿದರೂ ಏಕೆ ಏಳುವುದಿಲ್ಲ ಎಂಬ ಮೂಲಭೂತ ಪ್ರಶ್ನೆಗಳ ಬಗೆಗೆ ಕನ್ನಡ ಸಂಶೋಧನೆ ತಾಳಿರುವ ಮೌನವು ಒಂದು ರಾಜಕೀಯ ಮೌನವಾಗಿದೆ. ಈ ಮೌನವನ್ನು ಮುರಿಯುವುದು, ಮುರಿದುದನ್ನು ನಿರಚನೆಗೆ ಒಳಪಡಿಸುವುದು, ನಿರಚನೆಗೊಂಡುದನ್ನು ಮರುಕಟ್ಟುವುದು ಹಾಗೂ ತನ್ಮೂಲಕ ಒಂದು ಪ್ರಮಾಣಪತ್ರ ಪಡೆಯುವುದು ಪ್ರಸ್ತುತ ಪ್ರಬಂಧದ ಉದ್ದೇಶಗಳಾಗಿವೆ.

ವ್ಯಾಪ್ತಿ ಮತ್ತು ಮಿತಿ

ದೇಶದ ದೃಷ್ಟಿಯಿಂದ ಟಿ.ಬಿ. ಡ್ಯಾಮಿನಿಂದ ಹಂಪಿಯವರೆಗೆ, ಕಾಲದ ದೃಷ್ಟಿಯಿಂದ ಬೆಳಗಿನ ಒಗ್ಗರಣೆ ಮಂಡಕ್ಕಿಯಿಂದ ಕರೆಂಟ್ ಹೋಗುವವರೆಗೆ. ವಕ್ತೃಗಳು: ಮನೆಯ ಬೆಕ್ಕು, ಓಣಿಯ ನಾಯಿಗಳು, ಎದುರುಮನೆಯ ಅಜ್ಜಿ. ಬೆಕ್ಕು ಪ್ರಶ್ನಾವಳಿಯ ಮೇಲೆಯೇ ಮಲಗಿದ್ದರಿಂದ ಅದರ ಅಭಿಪ್ರಾಯ ಲಭ್ಯವಾಗಿಲ್ಲ.

ಐತಿಹಾಸಿಕ ಹಿನ್ನೆಲೆ

ಹಂಪಿಯ ಗಜಶಾಲೆಯಲ್ಲಿ ಸಾಲಾಗಿ 11 ಎತ್ತರದ ಕೋಣೆಗಳಿವೆ, ನೆತ್ತಿಗೆ ಗುಮ್ಮಟಗಳಿವೆ. ಅದು ನಿಜಕ್ಕೂ ಆನೆಲಾಯವೇ ಎಂಬ ಬಗ್ಗೆ ವಿದ್ವಾಂಸರು ಬೇಕಿದ್ದರೆ ಕಿತ್ತಾಡಲಿ. ಒಳಗೆ ನಿಂತರೆ ತಂಪು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಸದರಿ ವಾಸ್ತುಪರಂಪರೆಯು ಪ್ರಸ್ತುತ ಕಾಲಘಟ್ಟದಲ್ಲಿ ಮಾಳಿಗೆಯ ಮೇಲೆ ಹೊದಿಸಿದ ನಾಲ್ಕು ತಗಡುಗಳಾಗಿ ರೂಪಾಂತರ ಹೊಂದಿದ್ದು, ಅದರಡಿ ನಾಯಿಯನ್ನು ಕಟ್ಟಲಾಗುತ್ತಿದೆ.

ವರ್ಗೀಕರಣ

ಅ) ಬಚ್ಚಲಾಶ್ರಯಿ: ಬಚ್ಚಲುಮನೆಯ ಕಡಪ ಕಲ್ಲಿನ ಮೇಲೆ ನಾಲ್ಕೂ ಕಾಲು ಚಾಚಿ, ಹೊಟ್ಟೆ ಅಂಟಿಸಿ ಮಲಗುವ ವರ್ಗ. ಸ್ನಾನಕ್ಕೆ ಹೋಗುವವರು ಇದನ್ನು ದಾಟಿಯೇ ಹೋಗಬೇಕು. ಇದನ್ನು ಅವಕಾಶದ ಮರುಸ್ವಾಧೀನವೆಂದು ಓದಬಹುದಾಗಿದೆ.

ಆ) ಹರವಿತಲವಾಸಿ: ಮಣ್ಣಿನ ಹರವಿಯ ಮೈಯಿಂದ ನೀರು ಜಿನುಗಿ, ಆರುತ್ತ ಆರುತ್ತ ಒಳಗಿನ ನೀರನ್ನು ತಂಪು ಮಾಡುತ್ತದೆ, ಜಿನುಗಿ ಇಳಿದದ್ದು ಕೆಳಗಿನ ಮರಳನ್ನು ತೋಯಿಸುತ್ತದೆ. ನಮ್ಮ ಬೆಕ್ಕು ಆ ಮರಳಿಗೆ ಹೊಟ್ಟೆ ಕೊಟ್ಟು, ಗದ್ದವನ್ನು ಹರವಿಗೆ ಆನಿಸಿ, ಹಣೆಯ ಮೇಲೆ ಹನಿ ಬಿದ್ದಾಗ ಒಂದು ಕಿವಿ ಮಾತ್ರ ಕೊಡವುತ್ತದೆ. ಬಾಷ್ಪೀಭವನದ ತತ್ವ ಅದಕ್ಕೆ ಗೊತ್ತಿದೆ, ಪದ ಗೊತ್ತಿಲ್ಲ. ನಮ್ಮ ಕೆಲವು ವಿದ್ವಾಂಸರದು ಇದಕ್ಕೆ ತದ್ವಿರುದ್ಧ.

ಇ) ಚಕ್ರಾಧಃಶಾಯಿ: ನಿಂತ ಅದಿರು ಲಾರಿಯ ಕೆಳಗೆ ಮಲಗುವ ಓಣಿನಾಯಿ. ಉಪವರ್ಗಗಳು: ಮುಂಗಾಲಿಯ, ಹಿಂಗಾಲಿಯ, ಕ್ಲೀನರ್ ಎಬ್ಬಿಸಿದ್ದು, ಕ್ಲೀನರ್ ಎಬ್ಬಿಸಲು ಮರೆತದ್ದು.

ಈ ಕೊನೆಯ ಉಪವರ್ಗ ಬರೆದ ಮೇಲೆ ಈ, ಉ, ಊ ಬರೆಯಲು ಕೈ ಬರುತ್ತಿಲ್ಲ. ವರ್ಗೀಕರಣ ಇಲ್ಲಿಗೆ ಸಾಕು.

ಸೈದ್ಧಾಂತಿಕ ಚೌಕಟ್ಟು

ಚೌಕಟ್ಟು ನನ್ನದಲ್ಲ, ಒಂದು ವಿಚಾರ ಸಂಕಿರಣದಲ್ಲಿ ಕೂತು ಕೇಳಿದ್ದು. ವಿಷಯ, ಮಾನವೇತರ ಜೀವಿಗಳೊಡನೆ ಸಹಬಾಳ್ವೆ. ಏ.ಸಿ. ಹಾಲ್, ಕಿಟಕಿಗೆ ಪರದೆ, ಮೇಜಿನ ಮೇಲೆ ಬಾಟಲಿ ನೀರು. ಬಾಗಿಲ ಸಂದಿಯಿಂದ ಹೊರಗೆ ಸೋರುತ್ತಿದ್ದ ತಂಪುಗಾಳಿಗೆ ಒಂದು ಕೆಂಚು ನಾಯಿ ಬಂದು ಮೂಗು ಹಚ್ಚಿ ಮಲಗಿತ್ತು. ಯಾರೋ ಬಾಗಿಲು ತೆರೆದಾಗ ಅರ್ಧ ಮೈ ಒಳಗೆ ಉರುಳಿತು. ‘ಅಂಚಿಗೆ ತಳ್ಳಲ್ಪಟ್ಟ ಜೀವಗಳ ಅನನ್ಯತೆ’ಯವರೆಗೆ ಬಂದಿದ್ದ ಭಾಷಣಕಾರರು ಕನ್ನಡಕ ತೆಗೆದು, “ಏ, ಅದನ್ನ ಹೊರಗ ಹಾಕ್ರೋ” ಎಂದರು. ಅಟೆಂಡರ್ ಹಾಕಿದ. ಭಾಷಣ ಅನನ್ಯತೆಯಿಂದಲೇ ಮುಂದುವರಿಯಿತು. ಚಪ್ಪಾಳೆಯೂ ಬಿತ್ತು.

ಅಲ್ಲಿ ಯಾರೂ ಹೇಳದ್ದನ್ನು ಹೇಳುತ್ತೇನೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಬೆವರುವುದು ಅಂಗಾಲಿನಲ್ಲಿ, ಅದೂ ಅಷ್ಟಿಷ್ಟು. ನಾಲಿಗೆ ಚಾಚಿ ತೇಕುವುದೊಂದೇ ಅದರ ಮುಖ್ಯ ಉಪಾಯ. ಅದರ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 106 ಮುಟ್ಟಿದರೆ ಜೀವಕ್ಕೆ ಅಪಾಯ. ಮೊಬೈಲ್ ಜಾಹೀರಾತು ನೋಡಿ ಮನೆಮನೆಗೆ ಬಂದ ಪಗ್‌ಗೆ ಮೂಗೇ ಮೊಟಕು, ನೆಟ್ಟಗೆ ತೇಕಲೂ ಬಾರದು. ಇನ್ನು ಹಸ್ಕಿ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯಲು ಎರಡು ಪದರ ತುಪ್ಪಳ ಹೊತ್ತು ಬಂದ ತಳಿ.

ನಮ್ಮ ಬಡಾವಣೆಗೂ ಒಂದು ಹಸ್ಕಿ ಬಂದಿತ್ತು. ನೀಲಿಕಣ್ಣು, ಚಂದದ ರೀಲ್ಸ್. ವಾಸ ಮಾತ್ರ ಮೇಲೆ ಹೇಳಿದ ತಗಡಿನ ಕೆಳಗೆ. ಈ ಊರಿನ ಬಂಡೆಗುಡ್ಡಗಳು ಹಗಲೆಲ್ಲ ಕಾದು ರಾತ್ರಿ ಝಳ ಬಿಡುತ್ತವೆ. ಅದು ನಡುರಾತ್ರಿಯಲ್ಲೂ ತೇಕುವುದು ಓಣಿಗೆಲ್ಲ ಕೇಳುತ್ತಿತ್ತು. ಎದುರುಮನೆಯ ಅಜ್ಜಿ, “ಐಸಿನ್ಯಾಗ ಹುಟ್ಟಿದ್ದನ್ನ ತಂದು ಬಾಣಲಿಯೊಳಗ ಒಗದಾರ ನೋಡವ್ವ” ಎಂದು ನನ್ನ ಹೆಂಡತಿಗೆ ಹೇಳಿದರು. ಸಂಕಿರಣದ ಎರಡು ದಿನವೂ ಇಷ್ಟು ನಿಚ್ಚಳವಾದ ಒಂದು ವಾಕ್ಯ ನನ್ನ ಕಿವಿಗೆ ಬಿದ್ದಿರಲಿಲ್ಲ. ಆ ನಾಯಿ ಈಗಿಲ್ಲ. ಕೇಳಿದರೆ “ತ್ವಾಟದವ್ರಿಗೆ ಕೊಟ್ವಿ” ಎನ್ನುತ್ತಾರೆ. ಯಾವ ತೋಟ ಎಂದರೆ ಉತ್ತರವಿಲ್ಲ.

ಘಟಪ್ರಭೆಯ ಸೀಮೆಯಲ್ಲಿ, ಇಂಥದ್ದೇ ಬಿಸಿಲಿನಲ್ಲಿ ಬೆಳೆದ ಮುಧೋಳ ನಾಯಿ ನಮ್ಮದೇ. ತೆಳು ತುಪ್ಪಳ, ಉದ್ದ ಮೂತಿ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂತು. ಆದರೆ ಓಡಲು ಬಯಲು ಬೇಕೆನ್ನುವ ಜಾತಿ; ಅದನ್ನೂ ತಗಡಿನಡಿ ಕಟ್ಟಿಹಾಕುವವರಿಗೆ ಯಾವ ತಳಿಯಾದರೇನು?

ಜಲಸಂಕಥನ

ಡ್ಯಾಮಿಗೆ 33 ಗೇಟು. 2024ರ ಆಗಸ್ಟಿನಲ್ಲಿ 19ನೆಯದು ಕೊಚ್ಚಿಹೋದಾಗ ಟೀ ಅಂಗಡಿಯವರೂ ಟಿಎಂಸಿ ಲೆಕ್ಕದಲ್ಲಿ ಮಾತಾಡಿದರು. ಭತ್ತಕ್ಕೆಷ್ಟು, ಕಬ್ಬಿಗೆಷ್ಟು, ಆಂಧ್ರಕ್ಕೆಷ್ಟು ಎಂಬುದು ಎಲ್ಲರಿಗೂ ಬಾಯಿಪಾಠ. ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುವ ಊರಿದು. ಇಂಥ ಊರಲ್ಲಿ ಮನೆ ಮುಂದೆ ಒಂದು ಬಾನಿ ನೀರಿಡಿ ಎಂದರೆ, “ಬೀದಿನಾಯಿ ಬಂದು ರೂಢಿ ಆಗ್ತಾವ್ರೀ” ಎನ್ನುತ್ತಾರೆ. ನೀರು ಕುಡಿಯುವುದು ಕೆಟ್ಟ ರೂಢಿಯೇ?

ಫಲಿತಗಳು

ಪ್ರಬಂಧಕ್ಕೆ ಫಲಿತ ಬೇಕಂತೆ, ತಗೊಳ್ಳಿ. ಡಾಂಬರಿನ ಮೇಲೆ ನಿಮ್ಮ ಅಂಗೈ ಊರಿ. ಸುಟ್ಟರೆ ನಾಯಿಯನ್ನು ಅಡ್ಡಾಡಿಸಬೇಡಿ. ಕೂಲರ್ ಹಾಕಿದರೆ ಕಿಟಕಿ ತೆರೆದಿಡಿ. ಮುಚ್ಚಿದ ಕೋಣೆಯಲ್ಲಿ ಪಸೆ ಕಟ್ಟಿದರೆ ತೇಕಿದರೂ ಮೈ ತಣಿಯುವುದಿಲ್ಲ. ಸೆಕೆ ಎಂದು ಹಸ್ಕಿಯ ತುಪ್ಪಳ ಬೋಳಿಸಬೇಡಿ. ಬಿಸಿಲು ನೇರ ಚರ್ಮಕ್ಕೆ ಹೊಡೆಯುತ್ತದೆ. ತೂರಾಡಿ ಬಿದ್ದರೆ ನೆರಳಿಗೆ ಎಳೆದು, ಮೈಗೆ ನೀರು ಸುರಿದು, ಗಾಳಿ ಬೀಸುತ್ತಲೇ ಪಶುವೈದ್ಯರ ಹತ್ತಿರ ಓಡಿ. ಎಲ್ಲಕ್ಕಿಂತ ಮೊದಲು, ಈ ಊರಿಗೆ ಹಸ್ಕಿ ತರಬೇಡಿ.

ಸಂಘಟಕರಲ್ಲಿ ಒಂದು ವಿನಂತಿ: ಮುಂದಿನ ಸಂಕಿರಣವನ್ನು ಮೇ ತಿಂಗಳಲ್ಲಿ, ಮಧ್ಯಾಹ್ನ ಎರಡಕ್ಕೆ, ಮಾಳಿಗೆಯ ಮೇಲಿನ ತಗಡಿನ ಕೆಳಗೆ ಏರ್ಪಡಿಸಿ. ಟಿ.ಎ., ಡಿ.ಎ. ಕೇಳದೆ ಬರುತ್ತೇನೆ. ಸಹಬಾಳ್ವೆಗೆ ಮೊದಲು ಬೇಕಾದದ್ದು ಚೌಕಟ್ಟೋ ನೀರೋ ಎಂಬುದು ಅಧ್ಯಕ್ಷರ ಭಾಷಣ ಶುರುವಾಗುವುದರೊಳಗೇ ಇತ್ಯರ್ಥವಾಗುತ್ತದೆ.